ಟೈಪಿಸ್ಟ್ ಅಕ್ಕನ ಮೊದಲ ಪ್ರತಿ

ಅಕ್ಕನನ್ನು ಬಿಟ್ಟರೆ ನಮ್ಮ ಫೋಟೋ ಕ್ಲಬ್ಬಿನಲ್ಲಿ ಇಪ್ಪತ್ತೊಂದು ಜನ. ಅದರಲ್ಲಿ ಹದಿನೆಂಟು ಮಂದಿ ಶುದ್ಧ ಸೋಮಾರಿಗಳು. ಔಷಧಿ ಅಂಗಡಿ ಇಟ್ಟಿದ್ದ ನಾನು ಆ ಹದಿನೆಂಟರಲ್ಲಿ ಮೊದಲಿಗ. ನಮ್ಮನ್ನು ಎಬ್ಬಿಸಿ ಕೂರಿಸುವ ಕೆಲಸ ಕಾರ್ಯದರ್ಶಿಯಾದ ಅಕ್ಕನದು. ಅವರು ಕೋರ್ಟಿನಲ್ಲಿ ಟೈಪಿಸ್ಟ್. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಋತು ಬದಲಾದಾಗಲೆಲ್ಲ ಅಕ್ಕನಿಂದ ನಮಗೊಂದು ಪತ್ರ ಬರುತ್ತಿತ್ತು. ಮಷಿನ್ನಿಗೆ ಒಂದು ಸಲಕ್ಕೆ ಏಳು ಹಾಳೆ, ನಡುನಡುವೆ ಕಾರ್ಬನ್ ಕಾಗದ. ಹೀಗೆ ಮೂರು ಸಲ ಹೊಡೆದರೆ ಇಪ್ಪತ್ತೊಂದು ಪತ್ರ. ಮೇಲಿನ ಹಾಳೆಯಲ್ಲಿ ಅಕ್ಷರ ಕಡುಕಪ್ಪು, ಕೆಳಗಿಳಿದಂತೆಲ್ಲ ಮಸುಕು. ಹಿಂದಿನ ಋತುವಿನಲ್ಲಿ ಚೆನ್ನಾಗಿ ಚಿತ್ರ ತೆಗೆದ ಮೂವರಿಗೆ ಮೊದಲ ಪ್ರತಿ ಹೋಗುತ್ತಿತ್ತು. ಕ್ಯಾಮೆರಾವನ್ನು ಅಪರೂಪಕ್ಕೆ ಮುಟ್ಟುವವರಿಗೆ ಏಳನೆಯದು. ಬಾಯಿಬಿಟ್ಟು ಬೈಯುವ ಅಗತ್ಯವೇ ಅವರಿಗಿರಲಿಲ್ಲ.

ಹನ್ನೊಂದು ವರ್ಷ ನನಗೆ ಏಳನೆಯದೇ ಬಂತು. ಕಿಟಕಿಯ ಬೆಳಕಿಗೆ ಹಿಡಿದು ಓದಬೇಕಾಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಕ್ಕ, ನನ್ನ ಪತ್ರ ಓದೋಕೇ ಆಗಲ್ಲ."

"ನಿಮ್ಮ ಫೋಟೋನೂ ಹಾಗೇ ಇತ್ತು. ಸರಿಗೆ ಸರಿ ಹೋಯ್ತಲ್ಲ," ಎಂದರು.

ಕ್ಲಬ್ಬಿಗೆ ಗ್ರಂಥಾಲಯದ ಹಿಂದಿನ ಕೋಣೆ ಕೊಟ್ಟಿದ್ದರು. ಒಂದು ಕೆಂಪು ಬಲ್ಬು, ಕಂದು ಕಲೆಯ ಸಿಂಕು, ಒದ್ದೆ ಚಿತ್ರ ನೇತುಹಾಕಲು ಒಂದು ಹಗ್ಗ. ಫೋಟೋ ತೊಳೆಯುವ ರಾಸಾಯನಿಕದ ಹುಳಿ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಲ್ಲಿ ಕಳೆದ ಭಾನುವಾರಗಳಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಒಂದು ಮಳೆಗಾಲದ ಪ್ರದರ್ಶನಕ್ಕೆ ಬಂದದ್ದು ಬರೀ ನಾಲ್ಕು ಚಿತ್ರ. ಅದರಲ್ಲೊಂದು ಅಕ್ಕನದೇ.

ಗ್ರಂಥಪಾಲಕರು ಗೋಡೆ ನೋಡಿದರು, ನಮ್ಮನ್ನೂ ನೋಡಿದರು. "ಚಳಿಗಾಲಕ್ಕೆ ಹದಿನೈದಾದ್ರೂ ಬರ್ಲಿ. ಇಲ್ಲದಿದ್ರೆ ಕೋಣೆ ಬಿಟ್ಟುಕೊಡಿ. ಹಳೇ ಪೇಪರ್ ಇಡೋಕೆ ನನಗೆ ಜಾಗ ಇಲ್ಲ," ಎಂದರು. ಅಕ್ಕ ತಲೆಯಾಡಿಸಿದರು. ನಾವು ಯಥಾಪ್ರಕಾರ ಮೀನಮೇಷ ಎಣಿಸುತ್ತಾ ಮನೆಗೆ ಹೋದೆವು.

ಚಳಿಗಾಲದ ಪತ್ರ ಬಂತು. ಲಕೋಟೆ ಒಡೆದು ನೋಡಿದರೆ ಕಡುಕಪ್ಪು ಅಕ್ಷರ, ಹಾಳೆಯ ಹಿಂದೆ ಕೈಯಾಡಿಸಿದರೆ ಅಚ್ಚಿನ ಉಬ್ಬು. ಮೊದಲ ಪ್ರತಿ! "ಈಗ ಸೂರ್ಯನೇ ತಡವಾಗಿ ಏಳುತ್ತಾನೆ, ನಿಮಗೆ ನೆಪವಿಲ್ಲ. ಮಧ್ಯಾಹ್ನವೂ ನೆರಳು ಉದ್ದ. ಗೋಡೆಗೊರಗಿದ ಸೈಕಲ್ಲೂ ಈ ಬೆಳಕಿನಲ್ಲಿ ಚೆಂದ. ಮನೆಯವರ ಮುಖದ ಚೆಂದವನ್ನಂತೂ ಕೇಳಲೇಬೇಡಿ. ಹೊರಡಿ," ಎಂದಿತ್ತು.

ನಾನು ಹಿಗ್ಗಿ ಹೀರೇಕಾಯಿಯಾದೆ. ಯಾರಿಗೂ ಹೇಳಲಿಲ್ಲ, ಉಳಿದವರಿಗೆ ಹೊಟ್ಟೆಕಿಚ್ಚಾದೀತೆಂದು. ಮರುದಿನ ಅಲಾರಾಂ ಇಲ್ಲದೆ ಎದ್ದೆ. ಹೆಂಡತಿ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲವಲ್ಲ," ಎಂದಳು. ಎರಡು ರೋಲು ಫಿಲ್ಮು ಮುಗಿಸಿದ ಮೇಲೆ ಬೀದಿ ಗುಡಿಸುವವಳ ಪೊರಕೆ, ಅದರ ನೆರಳು ಎರಡೂ ಒಂದೇ ಚಿತ್ರದಲ್ಲಿ ಸರಿಯಾಗಿ ಸಿಕ್ಕವು.

ಪ್ರದರ್ಶನದ ದಿನ ಗೋಡೆಯ ಮೇಲೆ ಇಪ್ಪತ್ತೊಂದು ಚಿತ್ರಗಳು. ಗ್ರಂಥಪಾಲಕರು ಎರಡು ಸಲ ಎಣಿಸಿ, ಹಳೇ ಪೇಪರಿಗೆ ಬೇರೆ ಜಾಗ ನೋಡ್ತೀನಿ ಎಂದು ಗೊಣಗಿದರು. ಆ ಖುಷಿಯಲ್ಲಿ ನಮ್ಮಲ್ಲೊಬ್ಬ ಕ್ಷೌರಿಕ ಮೆಲ್ಲಗೆ ಜೇಬಿನಿಂದ ಪತ್ರ ತೆಗೆದ. "ಹೇಳಬಾರದು ಅಂದ್ಕೊಂಡಿದ್ದೆ. ಈ ಸಲ ನನಗೆ ಮೊದಲ ಪ್ರತಿ." ಪಕ್ಕದಲ್ಲಿದ್ದ ಬಸ್ ಡ್ರೈವರ್ ಮುಖ ಸಪ್ಪಗಾಯಿತು. ಅವನೂ ಒಂದು ತೆಗೆದ. ಆಮೇಲೆ ನಾನು, ಆಮೇಲೆ ಎಲ್ಲರೂ. ಇಪ್ಪತ್ತೊಂದೂ ಮೊದಲ ಪ್ರತಿಗಳೇ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಗು ನಿಂತ ಮೇಲೆ ನೋಡಿದೆ, ಅಕ್ಕನ ಚಿತ್ರವೇ ಇಲ್ಲ. ಅವರು ಬಾಗಿಲ ಬಳಿ ಬೆಂಚಿನ ಮೇಲೆ, ಶಾಲಿನೊಳಗೆ ಕೈಯಿಟ್ಟು ಕೂತಿದ್ದರು.

"ನಿಮ್ಮದೆಲ್ಲಿ ಅಕ್ಕ?"

"ಈ ಸಲ ಇಲ್ಲ. ಇಪ್ಪತ್ತೊಂದು ಸಲ ಹೊಡೆದ ಮೇಲೆ ಬೆರಳು ಮಡಚೋಕೇ ಬರ್ಲಿಲ್ಲ. ಕ್ಯಾಮೆರಾ ಎಲ್ಲಿ ಹಿಡೀಲಿ?"

ಶಾಲು ಸರಿಸಿ ತೋರಿಸಿದರು. ಗೆಣ್ಣುಗಳು ಊದಿಕೊಂಡಿದ್ದವು. ಮೂರು ತಿಂಗಳಿಂದ ನನ್ನ ಅಂಗಡಿಯಿಂದಲೇ ಗಂಟುನೋವಿನ ಮುಲಾಮು ಒಯ್ಯುತ್ತಿದ್ದರು. ಅವರ ತಾಯಿಗಿರಬೇಕು ಎಂದುಕೊಂಡು, ಒಂದು ಮಾತೂ ಕೇಳದೆ ಕಟ್ಟಿಕೊಟ್ಟಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ಕಾರ್ಬನ್ ಹಾಕಬಹುದಿತ್ತಲ್ಲ," ಎಂದೆ.

"ಹಾಕಿದ್ರೆ ನೀವು ಬರ್ತಿದ್ರಾ?"

ಕ್ಷೌರಿಕ ತನ್ನ ಪತ್ರ ಮಡಚಿ ಮತ್ತೆ ಜೇಬಿಗಿಟ್ಟ.

ಕೋಣೆ ಮುಂದೆ ಒಂಬತ್ತು ವರ್ಷ ನಮ್ಮಲ್ಲೇ ಉಳಿಯಿತು. ಅಕ್ಕನ ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ಪ್ರತಿ ಋತುವಿನಲ್ಲೂ ಅವರು ತೋರಿಸಿದ ಜಾಗದಲ್ಲಿ ಕ್ಯಾಮೆರಾ ಹಿಡಿದು ನಿಂತು, ಅವರು "ಈಗ" ಎಂದಾಗ ಗುಂಡಿ ಒತ್ತುವುದು ನನ್ನ ಕೆಲಸವಾಯಿತು. ಚಿತ್ರದ ಕೆಳಗೆ ಅವರ ಹೆಸರು ಬರೆಯುತ್ತಿದ್ದೆವು. ಆ ಒಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ.