ಹರಿದ ಚೀಲಕ್ಕೆ ಕಾಯುತ್ತಿದ್ದ ಶರಣಪ್ಪನವರು

ಶರಣಪ್ಪನವರು ಗಿರಾಕಿಯ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು. ಸೈಕಲ್ಲಿನ ಕ್ಯಾರಿಯರ್‌ಗೆ ಎರಡು ಕಡೆ ತೂಗುಹಾಕುವ ಚೀಲ ಹೊಲಿಸಬೇಕೆಂದು ನಾನು ಪೀಣ್ಯದ ಅವರ ಶೆಡ್ಡಿಗೆ ಮೊದಲ ಸಲ ಹೋದಾಗ, ಸೈಕಲ್ಲಿನ ಕಡೆ ಕಣ್ಣೂ ಹಾಯಿಸದೆ, "ಚಪ್ಪಲಿ ಬಿಡ್ರಿ" ಎಂದರು. ದೇವಸ್ಥಾನದ ಶಿಸ್ತಿರಬೇಕೆಂದು ಬಿಟ್ಟೆ. ಅವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಟೇಪು ಹಿಡಿದು ನನ್ನ ಪಾದವನ್ನು ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು.

"ಚೀಲ ಸೈಕಲ್ಲಿಗೆ ಕಣ್ರೀ, ನನಗಲ್ಲ" ಎಂದೆ.

"ಪೆಡಲ್ ತುಳಿಯೋದು ಸೈಕಲ್ಲೇನ್ರಿ? ಕಾಲು ಹಿಂದಕ್ಕ ಬಂದಾಗ ಹಿಮ್ಮಡ ಹೋಗಿ ಚೀಲಕ್ಕ ಬಡಿತೈತಿ. ದಾರಿ ತುಂಬ ನಿಮ್ಮ ಚೀಲಾನ ನೀವ ಒದ್ಕೋತ ಹೋಗ್ತೀರೇನು, ಸಾಹೇಬ್ರ?"

ಕೊಪ್ಪಳದ ಕಡೆಯವರು. ದಾಸರಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ, ಪೀಣ್ಯದಲ್ಲಿ ತಗಡಿನ ಸೂರಿನ ಶೆಡ್ಡು; ಇಪ್ಪತ್ತು ವರ್ಷದಿಂದ ಲಾರಿಗಳ ಟಾರ್ಪಾಲಿನ್ ಹೊಲಿಯುವ ಕೆಲಸ. ಅಂಗಿಯ ಕಾಲರಿನಲ್ಲಿ ಯಾವಾಗಲೂ ಎರಡು ದಬ್ಬಳ. ಕೈಗೆ ಬಿಡುವಿದ್ದರೂ ಕಾಲಿಗೆ ಇರಲಿಲ್ಲ. ಬಟ್ಟೆ ಇರಲಿ ಬಿಡಲಿ, ಮಾತಾಡುವಾಗ, ಚಹಾ ಕುಡಿಯುವಾಗ, ಯಾರನ್ನೋ ಬೈಯುವಾಗ ಕೂಡ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಲೇ ಇರುತ್ತಿದ್ದರು. ಆ ಪೆಡಲ್ ಎಲ್ಲಿಗೂ ಹೋಗದಿದ್ದರೂ, ಸುತ್ತಿನ ವಿಷಯದಲ್ಲಿ ನನ್ನ ಸೈಕಲ್ಲಿನದನ್ನು ಎಂದೋ ಹಿಂದೆ ಹಾಕಿತ್ತು.

ನನ್ನ ವಿಚಾರವನ್ನೂ ಹೇಳಬೇಕು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಿಂದ ನಿವೃತ್ತನಾದ ಮರುದಿನವೇ, ಸೈಕಲ್ಲಿನಲ್ಲಿ ಚಿತ್ರದುರ್ಗದವರೆಗೆ ಹೋಗಿ ಬರುವುದಾಗಿ ಮನೆಯಲ್ಲಿ ಘೋಷಿಸಿದ್ದೆ. ಘೋಷಣೆಗೆ ವಿರೋಧ ಬರಲಿಲ್ಲ. ಬಂದಿದ್ದರೆ ಬಹುಶಃ ಆ ವಾರವೇ ಹೊರಡುತ್ತಿದ್ದೆ. ಅದರ ಬದಲು ಚೀಲದ ಆಯ್ಕೆಯಲ್ಲಿ ತೊಡಗಿದೆ. ಜಿಪ್ ಬೇಕೆಂದೆ. "ಮಳಿ ಬಂದ ದಿನಾನ ಜಿಪ್ ಬಾಯಿ ಬಿಡ್ತೈತಿ" ಎಂದು, ಬಾಯಿಯನ್ನು ಮೂರು ಸುತ್ತು ಮಡಚಿ ಬಕಲ್ ಹಾಕುವಂತೆ ಹೊಲಿದರು. ಗಾಂಭೀರ್ಯಕ್ಕೆ ತಕ್ಕಂತೆ ಕಡುನೀಲಿ ಕೇಳಿದೆ. ಹಿಂದಿನ ಲಾರಿಯವನಿಗೆ ಕಾಣಲೆಂದು ಕಣ್ಣು ಕುಕ್ಕುವ ಹಳದಿ ಕೊಟ್ಟರು. ಚೀಲ ಬಂತು. ನಾನು ಹೊರಡಲಿಲ್ಲ. ರೈನ್‌ಕೋಟಿಗೊಂದು ಜೇಬು, ಮಾತ್ರೆಗೊಂದು, ಟಾರ್ಚಿಗೊಂದು, ಕನ್ನಡಕಕ್ಕೊಂದು ಎಂದು ಮತ್ತೆ ಮತ್ತೆ ಅವರ ಶೆಡ್ಡಿಗೇ ಯಾತ್ರೆ ಹೋದೆ. ಬೆಳಿಗ್ಗೆ ಸಾಮಾನು ತುಂಬುವುದು, ಸಂಜೆ ತೆಗೆಯುವುದು. ಹಜಾರದಲ್ಲಿ ನಿಂತ ಸೈಕಲ್ಲನ್ನು ಸುತ್ತಿ ಸುತ್ತಿ ಟೈರಿಗಿಂತ ಮೊದಲು ನನ್ನ ಚಪ್ಪಲಿ ಸವೆಯತೊಡಗಿತು.

ಏಳನೆಯ ಜೇಬಿಗೆ ಹೋದಾಗ ಶರಣಪ್ಪನವರು ಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇದು ಚೀಲಾನೋ, ಅಂಚೆ ಆಫೀಸೋ?"

"ತಯಾರಿ ಬೇಡವೇ?"

"ಸಾಹೇಬ್ರ, ಲಾರಿ ಟಾರ್ಪಾಲ್ ಹೋದವು ಹರಕೊಂಡು ಹೊಳ್ಳಿ ಬರತಾವ. ಎಲ್ಲಿ ಹರದೈತಿ ನೋಡಿ ಮುಂದಿಂದು ಹೊಲಿತೀನಿ. ಸೈಕಲ್ ಚೀಲ ಮೂವತ್ತು ಜೋಡಿ ಹೊಲದೀನಿ. ಹೂಡಿಯಿಂದ ಕಂಪ್ಯೂಟರ್ ಹುಡುಗ್ರು ಬಂದು ಒಯ್ದಾರ. ಒಂದರ ಹರದು ಬಂದಿಲ್ಲ. ಎಲ್ಲಾರೂ ಜೇಬು ಹಚ್ಚಿಸಾಕ ಬರತಾರ! ಎಲ್ಲಿ ಹರಿತೈತಿ ಅಂತ ಗೊತ್ತಿಲ್ದ ಮೂವತ್ತು ಜೋಡಿ ಕಣ್ಣು ಮುಚ್ಚಿ ಹೊಲದಂಗ ಆತು."

ಅವರ ಕಳವಳ ನಿಜವಾದದ್ದು. ಮೂಟೆ ಕಟ್ಟಿದ ಟಾರ್ಪಾಲಿನ್ ಬಂದರೆ ಅದರ ಹರುಕಿಗೆ ಬೆರಳು ತೂರಿಸಿ, ವೈದ್ಯರು ನಾಡಿ ಹಿಡಿದಂತೆ ಕಣ್ಣು ಮುಚ್ಚಿ, "ಇದು ಹಗ್ಗದ್ದು", "ಇದು ಕಬ್ಬಿಣದ್ದು" ಎನ್ನುತ್ತಿದ್ದವರಿಗೆ ನಮ್ಮ ಚೀಲಗಳು ಮಾತೇ ಆಡಿರಲಿಲ್ಲ.

ಆಗ ನಾನು ಮಾಡಿದ್ದನ್ನು ಬರೆಯಲು ಸಂಕೋಚ. ಒಂದು ಬೆಳಿಗ್ಗೆ ನೆಲಮಂಗಲದವರೆಗೆ ಹೋಗಿ, ಇಡ್ಲಿ ತಿಂದು, ವಾಪಸು ಬಂದು, ಮನೆಯ ಕಾಂಪೌಂಡ್ ಗೋಡೆಗೆ ಬಲಗಡೆಯ ಚೀಲವನ್ನು ಚೆನ್ನಾಗಿ ತಿಕ್ಕಿದೆ. ಬೆರಳು ಹೋಗುವಷ್ಟು ಹರಿಯಿತು. ಅದನ್ನು ಹೆಮ್ಮೆಯಿಂದ ಅವರ ಮುಂದಿಟ್ಟು, "ಚಿತ್ರದುರ್ಗ" ಎಂದೆ.

ಅವರು ಬೆರಳು ಹಾಕಿದರು. ಮೂಸಿದರು. ಪೆಡಲ್ ತುಳಿಯುತ್ತಲೇ ಹೇಳಿದರು: "ಸುಣ್ಣದ ವಾಸನಿ ಬರತೈತಿ. ಗೋಡಿಗೆ ತಿಕ್ಕೀರಿ. ದಾರಿ ಹೊರಗಿಂದ ಹರಿಯೂದಿಲ್ರಿ, ಒಳಗಿಂದ ಹರಿತೈತಿ. ಒಳಗಿನ ಸಾಮಾನು ಕುಣಿದು ಕುಣಿದು ಬಟ್ಟಿ ತಿಂತೈತಿ."

ಮೂವತ್ತೆರಡು ವರ್ಷ ಸ್ಟೋರ್ಸಿನ ಲೆಕ್ಕದಲ್ಲಿ ಇತರರ ಸುಳ್ಳು ಹಿಡಿಯಲೆಂದೇ ಸರ್ಕಾರ ಸಂಬಳ ಕೊಟ್ಟು ಸಾಕಿದವನು ನಾನು. ಚಪ್ಪಲಿ ನೋಡುತ್ತ ನಿಂತೆ.

ಅವರು ಬೈಯಲಿಲ್ಲ. ತೇಪೆ ಹಾಕಿ ಕೊಟ್ಟು, ಶೆಡ್ಡಿನ ಮಾಲೀಕರು ಅಲ್ಲಿ ಪಿ.ಜಿ. ಕಟ್ಟಿಸುತ್ತಾರೆಂದೂ, ಹದಿನೈದು ದಿನದಲ್ಲಿ ಖಾಲಿ ಮಾಡಿ ರಾಣೆಬೆನ್ನೂರಿನ ಅಳಿಯನ ಅಂಗಡಿಗೆ ಹೋಗುವುದಾಗಿಯೂ ತಿಳಿಸಿದರು. "ಅಷ್ಟರಾಗ ಒಂದು ಖರೇ ತೂತು ನೋಡಿ ಹೋಗಬೇಕಂತಿದ್ದೆ" ಎಂದರು, ನನ್ನ ಕಡೆ ನೋಡದೆ.

ಮೂರನೆಯ ದಿನ ಬೆಳಿಗ್ಗೆ ಹೊರಟೆ. ಇಷ್ಟು ಸಲೀಸಾಗಿ ಹೊರಡಬಹುದೆಂದು ಗೊತ್ತಿದ್ದರೆ ಏಳು ಜೇಬಿನ ಖರ್ಚು ಉಳಿಯುತ್ತಿತ್ತು. ಕೊನೆಯ ಗಳಿಗೆಯಲ್ಲಿ ಮನೆಯಾಕೆ ಚಪಾತಿ ತುಂಬಿದ ಸ್ಟೀಲ್ ಡಬ್ಬಿಯನ್ನು ಬಲಗಡೆಯ ಚೀಲಕ್ಕೆ ತುರುಕಿದಳು. ಒಮ್ಮೆಯೂ ಹಿಮ್ಮಡಿ ಚೀಲಕ್ಕೆ ತಾಗಲಿಲ್ಲ. ಶಿರಾದಲ್ಲಿ ಮಲಗಿ, ಹಿರಿಯೂರು ದಾಟಿ ಚಹಾಕ್ಕೆ ನಿಂತಾಗ ಕಂಡಿತು: ಕೆಳಗಿನ ಮೂಲೆಯಲ್ಲಿ, ಹಳೆಯ ನಾಲ್ಕಾಣೆಯಷ್ಟು ಅಗಲದ ತೂತು; ಡಬ್ಬಿಯ ಕ್ಲಿಪ್ಪು ಹೊರಗೆ ಇಣುಕುತ್ತಿತ್ತು. ಹೆದ್ದಾರಿಯ ಬದಿಯಲ್ಲಿ ನಾನು ಚಪ್ಪಾಳೆ ತಟ್ಟಿದ್ದಕ್ಕೆ ಚಹಾದವನು, "ಏನ್ ಸಾರ್, ಮ್ಯಾಚ್ ಗೆದ್ವಾ?" ಎಂದ. ಅಲ್ಲಿಂದಲೇ ತಿರುಗಿಬಿಡಲು ಕಾಲು ತುಡಿಯಿತು. ಆದರೆ ಮತ್ತೊಂದು ಸುಳ್ಳು ಚಿತ್ರದುರ್ಗ ಬೇಡವೆಂದು ಮುಂದೆ ಹೋದೆ. ಕೋಟೆ ನೋಡಿದ ನೆನಪಿಲ್ಲ. ಬಾಗಿಲ ತನಕ ಹೋಗಿ, ಇದೆ ಎಂದು ಖಚಿತಪಡಿಸಿಕೊಂಡು, ತಿರುಗಿದೆ.

ಏಳನೆಯ ದಿನ ಮನೆಗೂ ಹೋಗದೆ ನೇರ ಪೀಣ್ಯಕ್ಕೆ ಬಂದರೆ ಶೆಡ್ಡಿನ ಜಾಗದಲ್ಲಿ ಜೆಸಿಬಿ ನಿಂತಿತ್ತು. ಪಕ್ಕದ ಲೇತ್ ಅಂಗಡಿಯವರು, "ಓನರ್ ಅರ್ಜೆಂಟ್ ಮಾಡ್ಬಿಟ್ರು ಸಾರ್. ನಿನ್ನೇನೇ ಮಿಷಿನ್ ಲಾರಿಗೆ ಹಾಕ್ಕೊಂಡು ಹೋದ್ರು. ಹಳದಿ ಚೀಲದವ್ರು ಬಂದ್ರಾ ಅಂತ ಎರಡು ಸಲ ಕೇಳಿದ್ರು" ಎಂದರು. ಬಿದ್ದ ಗೋಡೆಯ ಒಂದು ತುಂಡಿನ ಮೇಲೆ ಯಾರದೋ ಪಾದದ ಅಳತೆ ಇತ್ತು. ನನ್ನದಲ್ಲ.

ಅಲ್ಲೇ ನಿಂತು ಫೋನ್ ಮಾಡಿದೆ. ಆ ತುದಿಯಲ್ಲಿ ಮೊದಲು ಕೇಳಿದ್ದು ಪೆಡಲಿನ ಸದ್ದು.

"ಶರಣಪ್ಪನವರೇ, ಹರೀತು."

"ಯಾವ ಕಡೆ?"

"ಬಲಕ್ಕೆ. ಕೆಳಗಿನ ಮೂಲೆ."

"ಒಳಗಿಂದೋ, ಹೊರಗಿಂದೋ?"

"ಒಳಗಿಂದ."

ಪೆಡಲ್ ನಿಂತಿತು. ಅವರನ್ನು ಬಲ್ಲ ಇಷ್ಟು ದಿನದಲ್ಲಿ ಆ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

"ಹೊಲಿಸಬ್ಯಾಡ್ರಿ" ಎಂದರು ಕೊನೆಗೆ. "ಯಾರ ಕೈಗೂ ಕೊಡಬ್ಯಾಡ್ರಿ."

"ಫೋಟೋ ಕಳಿಸ್ತೀನಿ."

"ಫೋಟೋದಾಗ ಬೆರಳು ಹೋಗತೈತೇನ್ರಿ? ತಗೊಂಡು ಬರ್ರಿ."

ರಾಣೆಬೆನ್ನೂರು ಮುನ್ನೂರು ಕಿಲೋಮೀಟರ್. ಚೀಲ ಬಾಗಿಲ ಪಕ್ಕದಲ್ಲಿ ನೇತಾಡುತ್ತಿದೆ. ಹೋಗುತ್ತ ಬರುತ್ತ ಬೆರಳು ಹಾಕಿ ನೋಡುತ್ತೇನೆ. ಶನಿವಾರ ಸೈಕಲ್ಲಿನಲ್ಲೇ ಹೊರಡುವುದು. ಈ ಸಲ ಡಬ್ಬಿ ಬೇಡವೆಂದು ಮನೆಯಾಕೆಗೆ ಹೇಳಿದ್ದೇನೆ. ಅವರ ಕೈ ಸೇರುವವರೆಗೆ ತೂತು ಅಷ್ಟೇ ಇರಬೇಕು.