ಹಸಿನ ಕೊಂಬಿನಾಣೆ

ಜನರ ಮಾತು ಕೇಳುವುದೇ ನನಗೆ ಸಂಬಳದ ಕೆಲಸವಾಗಿತ್ತು. ಕೈಯಲ್ಲೊಂದು ಪ್ರಶ್ನೆಪಟ್ಟಿ, ಚೀಲದಲ್ಲೊಂದು ಕ್ಯಾಸೆಟ್ ರೆಕಾರ್ಡರು. ಪಟ್ಟಿಯಲ್ಲಿ ಹತ್ತೇ ಪ್ರಶ್ನೆ. ಆಮೇಲೆ ಮಾತು ಎತ್ತ ಹೋದರೆ ಅತ್ತ ಹೋಗಬೇಕು. ನಾವಾಗಿ ಹೌದು ಅನ್ನಬಾರದು, ಅಲ್ಲ ಅನ್ನಬಾರದು. ಈ ಕೊನೆಯದನ್ನು ನಾನು ಬಹಳ ಚೆನ್ನಾಗಿ ಕಲಿತಿದ್ದೆ. ಎಷ್ಟು ಚೆನ್ನಾಗಿ ಕಲಿತಿದ್ದೆ ಅಂತ ಗೊತ್ತಾದ ದಿನವನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಆ ವರ್ಷ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿ ಡೈರಿಗಳಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತದೆ ಎಂಬ ಅಧ್ಯಯನ. ಹುಲ್ಲು ಕೊಯ್ಯುವವರು, ಸಗಣಿ ಬಾಚುವವರು, ಹಾಲು ಹೊತ್ತು ತರುವವರು ಹೆಂಗಸರು. ಸಂಘದ ಸಭೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುವವರು ಬೇರೆಯವರು. ಸೋಲೂರಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಹನ್ನೆರಡು ಜನರನ್ನು ಚಾಪೆ ಮೇಲೆ ಕೂರಿಸಿಕೊಂಡು ಗುಂಪು ಚರ್ಚೆ ಮಾಡಿದೆ. ಚರ್ಚೆಯೂ ಇಲ್ಲ, ಮಣ್ಣೂ ಇಲ್ಲ. ‘ಎಲ್ಲಾ ಚೆಂದಾಗೈತೆ ಮೇಡಮ್ಮೋರೆ’ ಎಂದು ಒಬ್ಬರು ಅಂದರೆ ಮಿಕ್ಕವರು ತಲೆಯಾಡಿಸಿದರು. ಒಂದೂವರೆ ಗಂಟೆಯ ಕ್ಯಾಸೆಟ್ಟಿನ ತುಂಬ ಚೆಂದಾಗೈತೆ, ಚೆಂದಾಗೈತೆ. ನನಗೆ ಒಳಗೊಳಗೇ ಸಿಟ್ಟು.

ಚಾಪೆ ಸುತ್ತುವಾಗ, ಅಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದ ಒಬ್ಬ ಅಕ್ಕ ಹತ್ತಿರ ಬಂದರು. ‘ಮನೆ ತಾವ ಬನ್ನಿ. ಒಸಿ ಕಾಫಿ ಕುಡ್ಕಂಡು ಹೋಗೀರಂತೆ’ ಎಂದರು.

ಅವರಿಗೆ ಗಂಡ ಇಲ್ಲ. ಹೈಸ್ಕೂಲಿಗೆ ಹೋಗುವ ಒಬ್ಬ ಮಗಳು, ಒಂದು ಹಸು. ಮನೆ ನಡೆಯುತ್ತಿದ್ದುದು ಆ ಹಸುವಿನ ಹಾಲಿನಿಂದ, ಆ ಹಾಲು ಹೋಗುತ್ತಿದ್ದುದು ಊರಿನ ಅದೊಂದೇ ಡೈರಿಗೆ. ಕೊಟ್ಟಿಗೆಯ ಬಾಗಿಲಲ್ಲಿ ಕೂತು, ‘ಹೆಸ್ರು ಬರಾಕಿಲ್ಲ ತಾನೆ?’ ಎಂದು ಕೇಳಿದರು. ಬರಲ್ಲ ಅಕ್ಕ ಅಂದೆ. ಕಾಫಿ ಲೋಟ ಕೈಗಿಡುವಾಗ ಮತ್ತೆ ಕೇಳಿದರು. ನಾನು ರೆಕಾರ್ಡರಿನ ಗುಂಡಿ ಒತ್ತುವಾಗ ಮೂರನೇ ಸಲ ಕೇಳಿದರು. ಮೂರು ಸಲವೂ ಮಾತು ಕೊಟ್ಟೆ.

ಆಮೇಲೆ ಹೇಳಿದರು. ಡೈರಿಯ ಸೆಕ್ರೆಟರಿ ಪರೀಕ್ಷೆಗೆಂದು ಪ್ರತಿಯೊಬ್ಬರ ಹಾಲಿನಲ್ಲೂ ಸ್ಯಾಂಪಲ್ ತೆಗೆಯುತ್ತಾನಲ್ಲ, ಅದರ ಕತೆ. ‘ಒಂದು ಸೌಟು ಮಿಸಿನ್ಗೆ, ಇನ್ನೊಂದು ಸೌಟು ಅವ್ರ ಮನೆ ಕಾಫಿಗೆ. ನಮ್ಮ ಹಸಿನ ಕೊಂಬಿನಾಣೆಗೂ ನಾನೇ ಕಂಡಿವ್ನಿ. ಬಾಯ್ಬುಟ್ರೆ ನಾಳಿಂದ ಹಾಲ್ನಲ್ಲಿ ಡಿಗ್ರಿ ಇಲ್ಲ, ನೀರೈತೆ ಅಂತಾನೆ.’

ಹಸಿನ ಕೊಂಬಿನಾಣೆ! ಬಸ್ಸಿನಲ್ಲಿ ಕೂತು ಅದನ್ನೇ ಮೆಲುಕು ಹಾಕಿದೆ. ಎಂಥ ಚೆಂದದ ಆಣೆ, ಈ ಸೀಮೆಯವರೆಲ್ಲ ಹೀಗೇ ಆಣೆ ಇಡುತ್ತಾರೆ ಅಂದುಕೊಂಡೆ. ವಿಚಾರಿಸಲಿಲ್ಲ. ಪುಣ್ಯಾತ್ಗಿತ್ತಿ ನಾನು, ಎಲ್ಲರ ಮಾತನ್ನೂ ಕೇಳುವವಳು ಇದೊಂದನ್ನು ಯಾರನ್ನೂ ಕೇಳಲಿಲ್ಲ. ವರದಿ ಬರೆಯುವಾಗ ಅವರ ಹೆಸರು ತೆಗೆದೆ, ವಯಸ್ಸು ತೆಗೆದೆ, ಊರು ತೆಗೆದೆ, ಹಸು ಎಷ್ಟು ಅನ್ನುವುದನ್ನೂ ತೆಗೆದೆ. ಆಣೆಯನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ಬಿಟ್ಟಿದ್ದಷ್ಟೇ ಅಲ್ಲ, ಸುತ್ತ ಗೆರೆ ಎಳೆಸಿ ದಪ್ಪಕ್ಷರದಲ್ಲಿ ಹಾಕಿಸಿದೆ. ಆಫೀಸಿನಲ್ಲಿ ಎಲ್ಲರೂ ಹೊಗಳಿದರು.

ವರದಿಯನ್ನು ಹಳ್ಳಿಗೆ ಒಯ್ದು ಜನರಿಗೇ ಓದಿ ಹೇಳಬೇಕು ಎಂಬುದು ನಮ್ಮ ನೇಮ. ಮಧ್ಯಾಹ್ನದ ಮೇಲೆ ಆ ಊರಿನ ಡೈರಿಯ ಜಗುಲಿಯಲ್ಲೇ ಹೆಂಗಸರನ್ನೆಲ್ಲ ಸೇರಿಸಿದೆ. ಸೆಕ್ರೆಟರಿಯೇ ನನಗೆ ಕುರ್ಚಿ ತಂದು ಹಾಕಿ, ಬಾಗಿಲಿಗೊರಗಿ ನಿಂತ. ನಾಲ್ಕು ತಾಲ್ಲೂಕಿನ ಮಾತು ಕಲೆತಿದೆ, ಯಾರಿಗೆ ಏನು ತಿಳಿದೀತು ಎಂಬ ಧೈರ್ಯ ನನ್ನದು. ಗೆರೆಯೊಳಗಿನ ಮಾತನ್ನು ರಾಗವಾಗಿ ಓದಿದೆ.

ಕೊಂಬಿನಾಣೆ ಅನ್ನುತ್ತಿದ್ದ ಹಾಗೆ ಹೆಂಗಸರು ಕಿಸಕ್ಕನೆ ನಕ್ಕರು. ನಕ್ಕವರು ಎಲ್ಲರೂ ಒಟ್ಟಿಗೇ ತಿರುಗಿ ಕಂಬದ ಪಕ್ಕ ಕೂತಿದ್ದ ಆ ಅಕ್ಕನನ್ನು ನೋಡಿದರು. ಆಮೇಲೆ ನಗು ನಿಂತುಹೋಯಿತು. ಅದು ಸೀಮೆಯ ಆಣೆ ಅಲ್ಲ. ಅವರೊಬ್ಬರೇ ಇಡುತ್ತಿದ್ದ ಆಣೆ.

ಸೆಕ್ರೆಟರಿ ದನಿ ಎತ್ತಲಿಲ್ಲ. ‘ಏನಕ್ಕ, ಇದು ನಿನ್ ಮಾತಾ?’ ಎಂದು ಕೇಳಿದ.

ನಾನು ಎದ್ದು ನಿಂತು, ‘ಇದು ಈ ಊರಿನದಲ್ಲ, ಕನಕಪುರದ ಕಡೆಯವರು ಹೇಳಿದ್ದು’ ಎಂದು ಸುಳ್ಳು ಬಿಟ್ಟೆ. ಹೂಂ ಅನ್ನಿ ಅಕ್ಕ, ಸಾಕು, ಎಂದು ಕಣ್ಣಲ್ಲೇ ಬೇಡಿಕೊಂಡೆ.

ಅವರು ಸೆರಗು ಸರಿಮಾಡಿಕೊಂಡರು. ‘ನಂದೇ ಕಣಪ್ಪ. ಕೊಂಬಿನಾಣೆ ಇಟ್ಬುಟ್ಟು ಈಗ ಇಲ್ಲ ಅಂದ್ರೆ ನಮ್ಮ ಹಸ ಉಳಿದದಾ?’

ಸಭೆ ಮುಗಿಯಿತು. ನಾನು ಅವರ ಹಿಂದೆಯೇ ಓಡಿ, ಯಾಕಕ್ಕ ಒಪ್ಪಿಕೊಂಡಿರಿ ಅಂತ ಅವರನ್ನೇ ದಬಾಯಿಸಿದೆ. ಅವರು ನಡೆಯುತ್ತಲೇ, ‘ನೀವು ಹೆಸ್ರು ಬರ್ದಿದ್ರೂ ಬಚಾವಾಗ್ತಿದ್ದೆ. ನನ್ನ ಹೆಸ್ರಿನೋರು ಊರಾಗೆ ನಾಕ್ ಜನ ಅವ್ರೆ’ ಎಂದು ಹೇಳಿ ಹಾಲು ಕರೆಯಲು ಹೋದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆಯೇ ನಿಂತಿದ್ದೆ. ಅವರ ಸರದಿ ಬಂತು. ಸೆಕ್ರೆಟರಿ ಹಾಲಿನೊಳಗೆ ಡಿಗ್ರಿ ನೋಡುವ ಗಾಜಿನ ಕಡ್ಡಿ ಬಿಟ್ಟ, ಅದು ನಿಲ್ಲುವುದಕ್ಕೂ ಬಿಡದೆ ಎತ್ತಿದ. ‘ಡಿಗ್ರಿ ಬಂದಿಲ್ಲ. ನೀರೈತೆ. ಎತ್ಕಂಡ್ ಹೋಗಕ್ಕ.’ ಇಷ್ಟೇ. ಸಾಲಿನಲ್ಲಿದ್ದವರು ತಮ್ಮ ತಮ್ಮ ಕ್ಯಾನು ನೋಡಿಕೊಂಡರು.

ಅವರು ಜಗಳಕ್ಕೆ ನಿಲ್ಲಲಿಲ್ಲ. ಮುಚ್ಚಳದ ತುಂಬ ಹಾಲು ಬಗ್ಗಿಸಿಕೊಂಡು ನೇರ ನನ್ನ ಮುಂದೆ ಬಂದು ಹಿಡಿದರು. ಇನ್ನೂ ಬೆಚ್ಚಗಿತ್ತು. ಕುಡಿದೆ. ಗಟ್ಟಿ ಹಾಲು, ಮೇಲ್ದುಟಿಗೆ ಅಂಟುವಂಥದ್ದು.

‘ಅವತ್ತು ನೀವ್ ಕೇಳಿದ್ದಕ್ಕೆಲ್ಲಾ ನಾನ್ ಹೇಳ್ದೆ. ಈಗ ನಾನ್ ಒಂದ್ ಕೇಳ್ತೀನಿ, ನೀವ್ ಹೇಳಿ. ನೀರೈತಾ?’

ಸಾಲೆಲ್ಲ ನನ್ನ ಕಡೆ ತಿರುಗಿತು. ಸೆಕ್ರೆಟರಿಯೂ ನೋಡುತ್ತಿದ್ದ. ಈ ಡೈರಿಗಳಿಗೆ ಹೋಗಿಬರಲು ನಮಗೆ ಅನುಮತಿ ಕೊಟ್ಟವರು, ಇನ್ನೂ ಮುಗಿಸಬೇಕಿದ್ದ ಹಳ್ಳಿಗಳು, ಎಲ್ಲ ಒಮ್ಮೆಲೇ ತಲೆಗೆ ಬಂದವು. ಇಲ್ಲ ಅನ್ನುವ ಎರಡಕ್ಷರ ನನ್ನ ಬಾಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ. ‘ನನಗೆ ಹಾಲಿನ ವಿಷಯ ಅಷ್ಟು ಗೊತ್ತಾಗಲ್ಲ ಅಕ್ಕ’ ಎಂದೆ.

ಹೇಳಿದವಳು ನಾನೇ ಹೌದೋ ಅಂತ ನನಗೇ ದಿಗಿಲಾಯಿತು.

ಅವರು ಬೈಯಲಿಲ್ಲ. ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಗುವಿಗೆ ಧೈರ್ಯ ಹೇಳುವವರಂತೆ ಹತ್ತಿರ ಬಗ್ಗಿ, ಮೆಲ್ಲಗೆ, ಅವತ್ತು ನಾನು ಮಾತು ಕೊಟ್ಟ ದನಿಯಲ್ಲೇ ಅಂದರು:

‘ಹೇಳಿ ಮೇಡಮ್ಮೋರೆ. ಹೆಸ್ರು ಬರಾಕಿಲ್ಲ.’