ಅಕ್ಕೋರ ಕೈಯಲ್ಲಿದ್ದ ನೋಟು

"ತಂಗಿ, ಖರೇ ಹೇಳು, ಇದು ಎಷ್ಟರ ನೋಟು?"

ಧಾರವಾಡದ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ನನ್ನ ಮುಂಗೈ ಹಿಡಿದು ಕೇಳಿದವರು ನಮ್ಮ ಓಣಿಯ ಅಕ್ಕೋರು. ಕಣ್ಣು ಹೋದ ಮೇಲೆ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಬಿಟ್ಟವರು. ಗೋಡೆ ಹಿಡಿದುಕೊಂಡು ಒಬ್ಬರೇ ಬಂದಿದ್ದರು.

"ಒಂದು ರೂಪಾಯಿದರಿ" ಎಂದೆ. ಅವರು ನಂಬಲಿಲ್ಲ. ಪಕ್ಕದ ಹೂವಿನವಳನ್ನೂ ಕೇಳಿದರು. ಅವಳೂ ಅದನ್ನೇ ಹೇಳಿದಳು. ನನಗೆ ಸಿಟ್ಟು ಬಂತು.

ಬೆಳ್ಳಿ ರೂಪಾಯಿ ಇದ್ದಾಗ ಅವರಿಗೆ ಬೆರಳೇ ಸಾಕಿತ್ತು. ಜರ್ಮನಿಯ ಜೋಡಿ ಯುದ್ಧ ಶುರುವಾಗಿ ರೂಪಾಯಿಯೂ ಕಾಗದವಾದ ಮೇಲೆ, ಮನೆಯಲ್ಲೇ ಇದ್ದು ಪಿಂಚಣಿ ತಂದುಕೊಡುವ ತಮ್ಮನ ಮಗನ ಮಾತನ್ನೇ ನಂಬಬೇಕಾಗಿತ್ತು. ಅವನು ಇದನ್ನು ಐದರ ನೋಟು ಎಂದು ಕೊಟ್ಟಿದ್ದ.

"ನನ್ನ ಜೋಡಿ ಮನಿಗೆ ಬಾ. ಅವನ ಮುಂದ ಹೇಳು" ಎಂದರು.

ಹೋಗಿ ಹೇಳಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿದ. ಅಕ್ಕೋರು ಅಂಗೈ ಚಾಚಿದರು. ಅವನು ಕಿಸೆಯಿಂದ ಬೇರೊಂದು ನೋಟು ತೆಗೆದು ಕೊಟ್ಟ. ಅದನ್ನು ಅವರು ನನ್ನ ಕಡೆ ಹಿಡಿದರು. "ಇದು ಐದರದ್ದರಿ" ಎಂದೆ. ಗುರುತಿಗೆ ಅದರ ಮೂಲೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೋಗು, ಚಹಾ ಮಾಡು" ಎಂದು ಅವನನ್ನು ಒಳಗೆ ಕಳಿಸಿದರು. ಆಮೇಲೆ ನನಗೆ ಮೆಲ್ಲಗೆ, "ಇವನನ್ನ ಹೊರಗ ಹಾಕಿದರ ನನಗ ಅಡಗಿ ಮಾಡಿ ಹಾಕವ್ರು ಯಾರು?" ಎಂದರು.

ಈಗ ಪಿಂಚಣಿ ಬಂದ ದಿನ ನಾನೇ ಹೋಗಿ ನೋಟು ನೋಡಿ ಹೇಳುತ್ತೇನೆ. ಚಹಾ ತಂದುಕೊಡುವವನು ಅವನೇ. ಏನು ಬೆರೆಸಿದ್ದಾನೋ ಎಂದು ಅವನ ಮುಖ ನೋಡದೆ ಆ ಬಟ್ಟಲನ್ನು ಬಾಯಿಗಿಡಲು ನನಗೆ ಇಂದಿಗೂ ಆಗಿಲ್ಲ.